ಒಂದು ದಿನದ ಸುರಪುರ

ಹಳೆಯ ಊರನ್ನು ನೋಡುವುದಕ್ಕೆ ಕಣ್ಣಿನಷ್ಟೇ ಕಿವಿಯೂ ಬೇಕು. ಕಲ್ಲು ತಾನಾಗಿ ಮಾತನಾಡುವುದಿಲ್ಲ. ಅದರ ಪಕ್ಕದಲ್ಲಿ ನಿಂತು ಹೇಳುವವನೊಬ್ಬನಿರಬೇಕು. ಕ್ರಿ.ಶ. ಎರಡನೆಯ ಶತಮಾನದಲ್ಲಿ ಗ್ರೀಸ್ ದೇಶದ ಊರುಗಳನ್ನು ಸುತ್ತಿ ಹತ್ತು ಭಾಗಗಳ ಪ್ರವಾಸಗ್ರಂಥವನ್ನು ರಚಿಸಿದ ಪೌಸೇನಿಯಸನು ಇಂತಹ ಹೇಳುವವರನ್ನು ಹಲವೆಡೆ ಕಂಡನು. ಆರ್ಗಸ್ ನಗರದ ಮಾರ್ಗದರ್ಶಕರ ವಿಷಯದಲ್ಲಿ ಅವನದೊಂದು ಟೀಕೆಯುಂಟು: ತಮ್ಮ ಕಥೆಗಳೆಲ್ಲವೂ ನಿಜವಲ್ಲವೆಂಬುದನ್ನು ಬಲ್ಲವರಾಗಿಯೂ ಅವರು ಅದನ್ನೇ ಹೇಳುತ್ತ ಬಂದರಂತೆ, ಜನರ ನಂಬಿಕೆಯನ್ನು ಕದಲಿಸುವುದು ಸುಲಭವಲ್ಲವಷ್ಟೆ!

ಇಂದು ಅಥೆನ್ಸಿಗೋ ಕೊರಿಂಥಿಗೋ ಹೋದವನು ಒಂದು ದಿನದ ಮಟ್ಟಿಗೆ ತನಗೆಂದೇ ಒಂದು ವಾಹನವನ್ನೂ ಒಬ್ಬ ಮಾರ್ಗದರ್ಶಕನನ್ನೂ ಗೊತ್ತುಮಾಡಿಕೊಂಡು, ಬೆಳಗಿನಿಂದ ಸಂಜೆಯೊಳಗೆ ಎರಡೂವರೆ ಸಾವಿರ ವರ್ಷಗಳನ್ನು ನೋಡಿ ಬರಬಹುದು. ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿಯೂ ಬಾಡಿಗೆಯ ವಾಹನಕ್ಕೆ ಕೊರತೆಯಿಲ್ಲ. ಬಾಗಿಲಲ್ಲಿ ಕಾದು ನಿಂತ ಮಾರ್ಗದರ್ಶಕನು ಮಾತ್ರ ಅಪರೂಪ. ಆದರೂ ಸುರಪುರಕ್ಕೆ ಒಬ್ಬನಿದ್ದಾನೆ. ಅವನು ತೀರಿಕೊಂಡು ಸುಮಾರು ನೂರೈವತ್ತು ವರ್ಷಗಳಾದರೂ ಅವನ ಮಾತು ನಿಂತಿಲ್ಲ. ಅವನೇ ಫಿಲಿಪ್ ಮೆಡೋಸ್ ಟೇಲರ್. ಅವನ ಮಾತನ್ನು ಎಷ್ಟರಮಟ್ಟಿಗೆ ಕೇಳಬೇಕು, ಎಲ್ಲಿ ನಿಲ್ಲಿಸಿ ಊರನ್ನೇ ಕೇಳಬೇಕು ಎಂಬುದು ಈ ಒಂದು ದಿನದ ಪ್ರವಾಸದ ನಿಜವಾದ ಪ್ರಶ್ನೆ.

ಪ್ರವಾಸವನ್ನು ಯಾದಗಿರಿಯಿಂದ ಆರಂಭಿಸುವುದು ಲೇಸು. ಮುಂಬಯಿಯ ಕಡೆಯಿಂದಲೂ ಮದರಾಸಿನ ಕಡೆಯಿಂದಲೂ ಬಂದ ರೈಲುದಾರಿಗಳು ೧೮೭೧ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಂದಿನಿಂದ ಈ ಊರಿಗೆ ಹೊರಗಿನ ಲೋಕವು ಹತ್ತಿರವಾಯಿತು. ಇಂದು ಇದು ಜಿಲ್ಲೆಯ ಕೇಂದ್ರವೂ ಹೌದು. ಬೆಳಗಿನ ತಂಪಿನಲ್ಲಿಯೇ ಕೋಟೆಯ ಬೆಟ್ಟವನ್ನು ಹತ್ತಬೇಕು. ಹೊತ್ತೇರಿದ ಮೇಲೆ ಈ ಸೀಮೆಯ ಬಿಸಿಲು ಅತಿಥಿಯೆಂದು ಯಾರನ್ನೂ ಕರುಣಿಸುವುದಿಲ್ಲ. ಒಂದರ ಹಿಂದೊಂದು ಎದ್ದ ಕೋಟೆಗೋಡೆಗಳು, ಬಂಡೆಗಳ ನಡುವೆ ಮಳೆನೀರನ್ನು ಹಿಡಿದಿಟ್ಟ ಹೊಂಡಗಳು, ಶತ್ರುವಿಲ್ಲದೆ ಮಲಗಿದ ತೋಪುಗಳು ಇಲ್ಲಿವೆ. ಊರಿನ ಹೆಸರನ್ನು ಯಾದವಗಿರಿಯೆಂದು ಬಿಡಿಸುವುದು ವಾಡಿಕೆ. ಬಹಮನಿಗಳು, ವಿಜಾಪುರದ ಆದಿಲಶಾಹಿಗಳು, ಹೈದರಾಬಾದಿನ ನಿಜಾಮರು ಒಬ್ಬರಾದ ಮೇಲೊಬ್ಬರು ಈ ನಾಡನ್ನು ಆಳಿದರು. ಕೋಟೆಯು ಯಾರ ಪಕ್ಷವನ್ನೂ ವಹಿಸದೆ ಎಲ್ಲರ ಗುರುತನ್ನೂ ಉಳಿಸಿಕೊಂಡಿದೆ.

ಬೆಟ್ಟವಿಳಿದು ಭೀಮಾ ನದಿಯನ್ನು ದಾಟಿದರೆ ಶಹಾಪುರದ ದಾರಿ. ದೂರದಿಂದಲೇ ಅಲ್ಲಿಯ ಗುಡ್ಡಸಾಲು ಕಾಣಿಸುತ್ತದೆ. ಹಣೆ, ಮೂಗು, ಎದೆ, ಮಡಿಸಿಟ್ಟ ಕೈ ಎಂದು ಹೆಸರಿಸುತ್ತ ಹೋದರೆ ಮಹಾಪುರುಷನೊಬ್ಬನು ಅಂಗಾತ ಮಲಗಿರುವಂತೆ ತೋರುವುದು. ಮಲಗಿದ ಬುದ್ಧನೆಂದು ಜನರು ಇದಕ್ಕೆ ಹೆಸರಿಟ್ಟಿದ್ದಾರೆ. ಇದು ಶಿಲ್ಪಿಯ ಕೆಲಸವಲ್ಲ, ಪ್ರಕೃತಿಯದು. ಬುದ್ಧನನ್ನು ಕಂಡವು ಮನುಷ್ಯರ ಕಣ್ಣುಗಳು.

ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಇನ್ನೊಂದು ಸೋಜಿಗವಿದೆ. ಬಯಲಿನಲ್ಲಿ ಭಾರಿ ಗುಂಡುಕಲ್ಲುಗಳನ್ನು ತಂದು, ಚದುರಂಗದ ಮಣೆಯಂತೆ ಅಳತೆಯ ಅಂತರದಲ್ಲಿ ಸಾಲಾಗಿ ಇಟ್ಟಿದ್ದಾರೆ. ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯ ಕಾಲವೆಂದರೆ ಮುಖ್ಯವಾಗಿ ಕ್ರಿಸ್ತಪೂರ್ವದ ಕೊನೆಯ ಸಾವಿರ ವರ್ಷಗಳು. ಗ್ರೀಸಿನಲ್ಲಿ ನಗರರಾಜ್ಯಗಳು ಅಮೃತಶಿಲೆಯ ಗುಡಿಗಳನ್ನು ಕಟ್ಟುತ್ತಿದ್ದ ಯುಗವೂ ಅದರೊಳಗೇ ಬರುತ್ತದೆ. ಅವರು ಬರೆದಿಟ್ಟರು; ಇವರು ಬರೆಯಲಿಲ್ಲ. ಈ ಕಲ್ಲುಗಳನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದವರಲ್ಲಿ ಟೇಲರನು ಮೊದಲಿಗನೆನ್ನಬಹುದು. ರಾಜನಕೋಳೂರಿನ ಕಲ್ಲುಮನೆಗಳನ್ನೂ ಅವನು ಅಗೆದು, ಅಳೆದು, ಚಿತ್ರ ಬರೆದುಕೊಂಡನು. ಹಳ್ಳಿಗರು ಅವನ್ನು ಗಿಡ್ಡ ದೇಹದ ಮೋರ್ಯರ ಮನೆಗಳೆಂದು ಹೇಳಿದರು. ಟೇಲರನಿಗಾದರೋ ತನ್ನ ನಾಡಿನ ಕೆಲ್ಟಿಕ್ ಸಮಾಧಿಗಳ ನೆನಪಾಯಿತು. ದುಡಿಮೆಯಲ್ಲಿ ಅವನು ಪ್ರಾಮಾಣಿಕನು. ಆದರೆ ನೋಡುವವನು ತನ್ನ ಊರನ್ನು ಕಣ್ಣಿನಲ್ಲಿ ಹೊತ್ತುಕೊಂಡೇ ಬಂದಿರುತ್ತಾನೆ. ಈ ಎಚ್ಚರವನ್ನಿಟ್ಟುಕೊಂಡು ಸುರಪುರವನ್ನು ಸೇರಬೇಕು.

ಸುರಪುರವು ಗುಡ್ಡಗಳ ಮಡಿಲಿನಲ್ಲಿ ಅಡಗಿದ ಊರು. ಬೇಡರ ನಾಯಕರು ಇದನ್ನು ತಮ್ಮ ರಾಜಧಾನಿಯನ್ನಾಗಿ ಮಾಡಿಕೊಂಡರು. ವೇಣುಗೋಪಾಲಸ್ವಾಮಿಯ ಗುಡಿ, ಅರಮನೆ, ಏರಿಳಿತದ ಬೀದಿಗಳು, ಇವನ್ನೆಲ್ಲ ನಡೆದೇ ನೋಡತಕ್ಕದ್ದು. ಚಿನ್ನದ ಲೇಪದ ಸೂಕ್ಷ್ಮ ಚಿತ್ರಗಳ ಪರಂಪರೆಯೊಂದು ಈ ಆಸ್ಥಾನದ ನೆರಳಿನಲ್ಲಿ ಬೆಳೆಯಿತು. ಎತ್ತರದ ದಿನ್ನೆಯ ಮೇಲೆ ಟೇಲರನು ಕಟ್ಟಿಸಿಕೊಂಡ ಬಂಗಲೆಯಿದೆ. ಜನರು ಅದನ್ನು ಟೇಲರ್ ಮಂಜಿಲ್ ಎನ್ನುತ್ತಾರೆ.

ಟೇಲರನು ನಿಜಾಮರ ಸೇವೆಯಲ್ಲಿದ್ದ ಅಧಿಕಾರಿ. ೧೮೩೯ರಲ್ಲಿ ಠಕ್ಕರನ್ನು ಕುರಿತ ಕಾದಂಬರಿಯನ್ನು ಪ್ರಕಟಿಸಿ ಇಂಗ್ಲೆಂಡಿನಲ್ಲಿ ಹೆಸರು ಪಡೆದಿದ್ದನು. ೧೮೪೧ರ ಸುಮಾರಿಗೆ ಸುರಪುರಕ್ಕೆ ಬಂದನು. ರಾಜನಾದ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಮಗನಾದ ವೆಂಕಟಪ್ಪನು ಇನ್ನೂ ಎಳೆಯ ಹುಡುಗ. ತಾಯಿ ಈಶ್ವರಮ್ಮನ ಅಧಿಕಾರಕ್ಕೂ ಟೇಲರನ ಅಧಿಕಾರಕ್ಕೂ ತಿಕ್ಕಾಟ ನಡೆದು, ಕೊನೆಗೆ ಆಡಳಿತವು ಅವನ ಕೈಗೆ ಬಂದಿತು. ಅವನು ಭೂಮಿಯನ್ನು ಅಳೆಸಿದನು, ದಾರಿಗಳನ್ನು ಮಾಡಿಸಿದನು, ಬೋನಾಳದ ಕೆರೆಯನ್ನು ದುರಸ್ತಿಮಾಡಿಸಿದನು. ಆ ಕೆರೆಯು ಇಂದು ಪಕ್ಷಿಧಾಮವಾಗಿದೆ. ಎಳೆಯ ರಾಜನು ಅವನನ್ನು ಕರೆಯುತ್ತಿದ್ದುದು ‘ಅಪ್ಪಾ’ ಎಂದು.

೧೮೫೩ರಲ್ಲಿ ಪ್ರಾಪ್ತವಯಸ್ಕನಾದ ರಾಜನಿಗೆ ಅಧಿಕಾರವನ್ನೊಪ್ಪಿಸಿ ಟೇಲರನು ಹೊರಟುಹೋದನು. ಐದೇ ವರ್ಷಗಳಲ್ಲಿ, ೧೮೫೮ರ ಫೆಬ್ರವರಿಯಲ್ಲಿ, ಅದೇ ರಾಜನ ಬೇಡರು ಬ್ರಿಟಿಷ್ ಸೈನ್ಯದ ಮೇಲೆ ಆಯುಧವೆತ್ತಿದರು. ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿಯು ಬಿದ್ದನು. ಊರು ಶತ್ರುಗಳ ವಶವಾಯಿತು. ಹೈದರಾಬಾದಿಗೆ ಹೋದ ರಾಜನು ಸೆರೆಸಿಕ್ಕನು. ಸೆರೆಮನೆಗೆ ಬಂದ ಟೇಲರನಲ್ಲಿ ಅವನು ಪ್ರಾಣಭಿಕ್ಷೆಯನ್ನು ಬೇಡಲಿಲ್ಲ. ಕಳ್ಳನಂತೆ ಗಲ್ಲಿಗೇರಿಸದೆ ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದನು. ಮರಣದಂಡನೆಯು ಇಳಿದು, ಕೊನೆಗೆ ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯೆಂದು ಗೊತ್ತಾಯಿತು. ಅಲ್ಲಿಗೆ ಸಾಗಿಸುವ ದಾರಿಯಲ್ಲಿ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗಲಿ ಅವನು ಮಡಿದನು. ಅದು ಆಕಸ್ಮಿಕವೋ ಆತ್ಮಹತ್ಯೆಯೋ ಎಂಬುದು ಇತ್ಯರ್ಥವಾಗಲಿಲ್ಲ. ೧೮೬೦ರಲ್ಲಿ ಸುರಪುರವನ್ನು ಬ್ರಿಟಿಷರು ನಿಜಾಮರಿಗೆ ಒಪ್ಪಿಸಿಬಿಟ್ಟರು.

ಈ ಕಥೆಯನ್ನು ನಾವು ತಿಳಿದಿರುವುದು ಬಹುಮಟ್ಟಿಗೆ ಟೇಲರನ ಆತ್ಮಕಥೆಯಿಂದ. ಅವನು ೧೮೭೬ರಲ್ಲಿ ತೀರಿಕೊಂಡ ಮೇಲೆ, ಮರುವರ್ಷ ಅವನ ಮಗಳು ಅದನ್ನು ಪ್ರಕಟಿಸಿದಳು. ಓದಿದವರ ಮನಸ್ಸನ್ನು ಕಲಕುವ ಗ್ರಂಥವದು. ಅದರಲ್ಲಿಯ ವಾತ್ಸಲ್ಯವನ್ನು ಸಂದೇಹಿಸಲು ಕಾರಣವಿಲ್ಲ. ಆದರೆ ರಾಜನು ಏಕೆ ಹೀಗೆ ಮಾಡಿದನೆಂಬುದಕ್ಕೆ ಗ್ರಂಥವು ಕೊಡುವ ಉತ್ತರಗಳು ಎರಡು: ದುಸ್ಸಹವಾಸ, ಮತ್ತು ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣವೆಂದು ಮೊದಲೇ ಬರೆದಿಟ್ಟಿದ್ದ ಜಾತಕ. ಸಾಕಿದ ಮಗನು ಕೈಮೀರಿದಾಗ ಯಾವ ತಂದೆಯೂ ಕೊಡುವ ಉತ್ತರಗಳಿವು. ರಾಜನು ತನ್ನ ಕಡೆಯ ಮಾತನ್ನು ಬರೆದಿಡಲಿಲ್ಲ. ವಿಭೂತಿಹಳ್ಳಿಯ ಕಲ್ಲುಗಳನ್ನು ಇಟ್ಟವರಂತೆ ಅವನೂ ಮೌನಿ.

ಹಾಗಾದರೆ ಅವನ ಪರವಾಗಿ ಸಾಕ್ಷಿ ನುಡಿಯುವವರು ಯಾರು? ವಾಹನವನ್ನು ಇನ್ನು ಸ್ವಲ್ಪ ದೂರ ಸಾಗಿಸಿ ವಾಗಿನಗೇರೆಯ ಕೋಟೆಗೆ ಹೋಗಬೇಕು. ಸುರಪುರಕ್ಕಿಂತ ಮೊದಲು ನಾಯಕರ ನೆಲೆಯಾಗಿದ್ದುದು ಇದು. ೧೭೦೫ರಲ್ಲಿ ಔರಂಗಜೇಬನು, ಎಂಬತ್ತಾರು ವರ್ಷದ ಮುದುಕ, ಸ್ವತಃ ದಂಡೆತ್ತಿ ಬಂದು ಈ ಕೋಟೆಯ ಮುಂದೆ ಬೀಡುಬಿಟ್ಟನು. ಅವನು ತಾನೇ ನಡೆಸಿದ ಮುತ್ತಿಗೆಗಳಲ್ಲಿ ಇದೇ ಕೊನೆಯದು. ಸುಮಾರು ಮೂರು ತಿಂಗಳ ಕಾಲ ಹೋರಾಡಿ, ಇನ್ನು ಉಳಿಯದೆಂದು ಕಂಡಾಗ, ಪಿಡ್ಡ ನಾಯಕನೂ ಅವನ ಬೇಡರೂ ಊರಿಗೆ ಬೆಂಕಿಯಿಟ್ಟು ರಾತ್ರಿಯಲ್ಲಿ ಕಣ್ಮರೆಯಾದರು. ಚಕ್ರವರ್ತಿಗೆ ಸಿಕ್ಕಿದ್ದು ಬೂದಿ. ಅದಕ್ಕೆ ಅವನು ಹೊಸ ಹೆಸರನ್ನಿಟ್ಟನು. ಹೆಸರು ಉಳಿಯಲಿಲ್ಲ, ಎರಡು ವರ್ಷಗಳಲ್ಲಿ ಅವನೂ ಉಳಿಯಲಿಲ್ಲ.

ಟೇಲರನಿಗೆ ಈ ಇತಿಹಾಸವು ತಿಳಿಯದಿರಲಿಲ್ಲ. ಆದರೆ ಅವನಿಗೆ ಅದು ಓದಿ ತಿಳಿದ ಸಂಗತಿ. ಅರಮನೆಯ ಹುಡುಗನಿಗೆ ಅದು ಮನೆತನದ ನೆನಪು. ಹಗಲೆಲ್ಲ ಲೆಕ್ಕಪತ್ರಗಳ ಆಡಳಿತವನ್ನು ಕಂಡು, ರಾತ್ರಿ ಬೂದಿಯಿಂದೆದ್ದ ಪೂರ್ವಜರ ಕಥೆಯನ್ನು ಕೇಳಿ ಬೆಳೆದವನಿಗೆ ದಂಗೆಯೇಳಲು ಜಾತಕದ ಪ್ರೇರಣೆ ಬೇಕಿತ್ತೆ? ದಿಲ್ಲಿಗೇ ತಲೆಬಾಗದವರು ರೆಸಿಡೆಂಟನಿಗೆ ಬಾಗುವುದು ಹೇಗೆಂದು ಅವನು ಯೋಚಿಸಿದ್ದರೆ ಅದು ಸಹವಾಸದೋಷವೆನಿಸದು. ‘ಅಪ್ಪಾ’ ಎಂದು ಕರೆದುದೂ ನಿಜ, ಆಯುಧವೆತ್ತಿದ್ದೂ ನಿಜ. ಒಂದು ನಿಜಕ್ಕೆ ಬಂಗಲೆಯು ಸಾಕ್ಷಿ. ಇನ್ನೊಂದಕ್ಕೆ ಈ ಹಾಳುಕೋಟೆಯು ಸಾಕ್ಷಿ.

ಬಹಳ ಮಂದಿ ಪ್ರವಾಸಿಗಳು ಬಂಗಲೆಯನ್ನು ನೋಡಿ ಹಿಂದಿರುಗುತ್ತಾರೆ. ಏಕೆಂದರೆ ಅದಕ್ಕೆ ಗ್ರಂಥವುಂಟು. ವಾಗಿನಗೇರೆಗೆ ಗ್ರಂಥವಿಲ್ಲ, ಊರವರ ಬಾಯಿಯಷ್ಟೇ ಇದೆ. ಆ ಬಾಯಿಯೂ ಆರ್ಗಸಿನವರಂತೆ ಹೆಚ್ಚು ಹೇಳೀತು, ತಪ್ಪು ಹೇಳೀತು. ಕೇಳಿ ತೂಗಿ ನೋಡುವ ಕೆಲಸವು ನಮ್ಮದು. ಬಾಡಿಗೆಯ ವಾಹನದಲ್ಲಿ ಹೋಗುವುದರಿಂದ ದೊರೆಯುವ ಮುಖ್ಯ ಅನುಕೂಲವೆಂದರೆ, ಎಲ್ಲಿ ನಿಲ್ಲಬೇಕೆಂಬುದನ್ನು ನಾವೇ ನಿರ್ಧರಿಸಬಹುದು. ಸುರಪುರಕ್ಕೆ ಹೋಗುವವರು ಟೇಲರನ ಮನೆಯಲ್ಲಿ ಒಂದು ಗಂಟೆ ನಿಂತರೆ ಪಿಡ್ಡ ನಾಯಕನ ಕೋಟೆಯಲ್ಲಿಯೂ ಒಂದು ಗಂಟೆ ನಿಲ್ಲಲಿ. ದಿನವು ಒಂದೇ ಆದರೂ ಎರಡು ಪಕ್ಷಗಳನ್ನೂ ಕೇಳುವಷ್ಟು ಹೊತ್ತು ಅದರಲ್ಲಿದೆ.