ಅಕ್ಷರಕ್ಕೆ ಮೊದಲು ಪ್ರಶ್ನೆ

ಲಿಂಗರಾಜಪುರದ ಶಾಲೆಯಾಗಲಿ, ಬೀದರ ಜಿಲ್ಲೆಯ ಹಳ್ಳಿ ಶಾಲೆಯಾಗಲಿ, ತರಗತಿಯ ಏರ್ಪಾಡು ಸಾಮಾನ್ಯವಾಗಿ ಒಂದೇ. ಕರಿಹಲಗೆಯ ಬಳಿ ನಿಂತವರು ಬಲ್ಲವರು, ಸಾಲಿನಲ್ಲಿ ಕೂತವರು ಅರಿಯದವರು. ಏನು ಕಲಿಯಬೇಕೆಂಬುದನ್ನು ಬೇರೆ ಯಾರೋ ಮೊದಲೇ ಗೊತ್ತುಮಾಡಿರುತ್ತಾರೆ. ಸ್ತ್ರೀವಾದಿ ಶಿಕ್ಷಣ ಚಿಂತನೆಯ ತಕರಾರು ಇರುವುದು ಇಲ್ಲಿಯೇ. ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲು ತೆರೆದರೆ ಸಾಲದು; ಒಳಗೆ ಯಾರ ಅನುಭವ ಪಾಠವಾಗುತ್ತದೆ, ಯಾರ ಮಾತಿಗೆ ಬೆಲೆಯಿದೆ ಎಂದು ಅದು ಕೇಳುತ್ತದೆ.

ಖಾತೆಗೆ ಹಣ ಕಟ್ಟಿದಂತೆ ತಲೆಗೆ ವಿದ್ಯೆ ತುಂಬುವ ಪದ್ಧತಿಯನ್ನು ಬ್ರೆಜಿಲ್‌ನ ಪೌಲೊ ಫ್ರೇರೆ ಟೀಕಿಸಿದ್ದರು. ಅಮೆರಿಕದ ಲೇಖಕಿ ಬೆಲ್ ಹುಕ್ಸ್ 1994ರಲ್ಲಿ ಬೋಧನೆಯ ಕುರಿತು ಬರೆದ ಪುಸ್ತಕದಲ್ಲಿ ಫ್ರೇರೆಯವರನ್ನು ಮೆಚ್ಚುತ್ತಲೇ, ಅವರ ಬರಹದಲ್ಲಿದ್ದ ಗಂಡುಭಾಷೆಯನ್ನೂ ಎತ್ತಿ ತೋರಿಸಿದರು.

ಕರ್ನಾಟಕದಲ್ಲಿ ಈ ವಿಚಾರ ಪರೀಕ್ಷೆಗೆ ಒಳಗಾದದ್ದು ಕಾಲೇಜಿನಲ್ಲಲ್ಲ, ಹಳ್ಳಿಗಳಲ್ಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ ರೂಪುಗೊಂಡ 'ಮಹಿಳಾ ಸಮಾಖ್ಯಾ' 1989ರಲ್ಲಿ ನೆದರ್ಲೆಂಡ್ಸ್ ನೆರವಿನಿಂದ ಬೀದರ, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಆರಂಭವಾಯಿತು. ಸಂಘಗಳಿಗೆ ಸೇರಿದವರು ಹೆಚ್ಚಾಗಿ ದಲಿತ ಹೆಣ್ಣುಮಕ್ಕಳು, ಕೂಲಿಯವರು. ಸುಮಾರು ಹತ್ತು ಹಳ್ಳಿಗೊಬ್ಬ 'ಸಹಯೋಗಿನಿ'. ಆಕೆ ಬರುವಾಗ ಸ್ಲೇಟು ಬಳಪ ತರಲಿಲ್ಲ. ಇಷ್ಟು ತಿಂಗಳಲ್ಲಿ ಇಷ್ಟು ಜನ ಸಾಕ್ಷರರಾಗಬೇಕೆಂಬ ಗುರಿಯೂ ಇರಲಿಲ್ಲ. ಸರ್ಕಾರಿ ಯೋಜನೆಯೊಂದು ಗುರಿಯಿಲ್ಲದೆ ಹೊರಟದ್ದೇ ಒಂದು ಸೋಜಿಗ.

ದಿನದ ಕೆಲಸ ಮುಗಿದ ಮೇಲೆ ಸೇರಿದ ಹೆಂಗಸರ ಮುಂದಿದ್ದ ವಿಷಯಗಳು ಬೇರೆಯೇ: ಕೂಲಿ, ಕುಡಿಯುವ ನೀರು, ರೇಷನ್, ಸಾರಾಯಿ, ಗಂಡನ ಹೊಡೆತ. ಇವನ್ನೇ ಪಠ್ಯವೆಂದು ಒಪ್ಪಿದ್ದು ಸ್ತ್ರೀವಾದಿ ಬೋಧನೆಯ ತಿರುಳು. ಅನುಭವವೂ ಜ್ಞಾನವೇ, ಒಬ್ಬಳ ಮನೆಯ ಗೋಳು ಎಂದುಕೊಂಡದ್ದು ಹತ್ತು ಜನರ ಬಾಯಲ್ಲಿ ಬಂದಾಗ ಅದರ ಕಾರಣ ಮನೆಯಿಂದಾಚೆಗೂ ಇದೆಯೆಂದು ತಿಳಿಯುತ್ತದೆ. ಅರ್ಜಿ ಬರೆಯಬೇಕು, ಸಂಘದ ಲೆಕ್ಕ ನೋಡಬೇಕು ಎನ್ನಿಸಿದಾಗ ಅಕ್ಷರ ಬೇಕಾಗುತ್ತದೆ. 1993ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಸಂಘದ ಹಲವು ಸದಸ್ಯೆಯರು ನಿಂತು ಗೆದ್ದರು.

ವೃತ್ತಾಕಾರವಾಗಿ ಕೂತ ಮಾತ್ರಕ್ಕೆ ಎಲ್ಲರೂ ಸಮಾನರಾಗುವುದಿಲ್ಲ, ನಿಜ. ಜಾತಿ ಆ ವೃತ್ತದೊಳಕ್ಕೂ ಬರುತ್ತದೆ. ಓದಿದ ಸಹಯೋಗಿನಿಯ ಮಾತಿನ ತೂಕವೇ ಹೆಚ್ಚಾಗುವ ಅಪಾಯವೂ ಉಂಟು. ಬಾಯಿ ಬಿಡಲು ಬಂದ ಧೈರ್ಯವನ್ನು ಯಾವ ಕಾಲಮ್ಮಿನಲ್ಲಿ ತುಂಬುವುದೆಂಬ ತೊಡಕು ಬೇರೆ.

2016ರ ಹೊತ್ತಿಗೆ ಈ ಕಾರ್ಯಕ್ರಮಕ್ಕೆ ಕೇಂದ್ರದ ನೆರವು ನಿಂತಿತು. ಸಂಘಗಳನ್ನು ಗ್ರಾಮೀಣ ಜೀವನೋಪಾಯ ಮಿಷನ್‌ಗೆ ಸೇರಿಸುವ ತೀರ್ಮಾನವಾಯಿತು. ಆ ಮಿಷನ್ನಿನ ಮುಖ್ಯ ಕೆಲಸ ಉಳಿತಾಯ, ಸಾಲ, ಸಂಪಾದನೆ. ಅವೂ ಬೇಕಾದವೇ. ಆದರೆ ಕಂತು ಕಟ್ಟಲು ಸೇರುವ ಗುಂಪು ಬೇರೆ, ಕಲಿಯಲು ಸೇರುವ ಗುಂಪು ಬೇರೆ.