ಗ್ಯಾಸ್ ಗೀಸರ್ ಏಕೆ ಹೊತ್ತಿಕೊಳ್ಳುವುದಿಲ್ಲ?

ತೊಗರಿಯ ನಾಡಾದ ಕಲಬುರಗಿ ಜಿಲ್ಲೆಯಲ್ಲಿ, ರಾಶಿ ಮುಗಿದ ಮೇಲೆ ಉಳಿಯುವ ತೊಗರಿ ಕಟ್ಟಿಗೆಯನ್ನು ಹಂಡೆಯ ಕೆಳಗೆ ಉರಿಸಿ ಸ್ನಾನದ ನೀರು ಕಾಯಿಸುವುದು ಹಿಂದಿನಿಂದ ಬಂದ ರೂಢಿ. ಈಗ ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳ ಮನೆಗಳಿಗೂ ಗ್ಯಾಸ್ ಗೀಸರ್ ಕಾಲಿಟ್ಟಿದೆ. ಹಂಡೆಯ ಒಲೆ ಹೊತ್ತದಿದ್ದರೆ ಕಾರಣ ಕಣ್ಣಿಗೆ ಕಾಣುತ್ತಿತ್ತು. ಕಟ್ಟಿಗೆ ಹಸಿಯಾಗಿದೆ, ಇಲ್ಲವೆ ಗಾಳಿ ಸಾಲದು. ಗೀಸರಾದರೋ ಮುಚ್ಚಿದ ಪೆಟ್ಟಿಗೆ. ಪುಷ್ಯಮಾಸದ ಚಳಿಯಲ್ಲಿ ನಲ್ಲಿ ತಿರುಗಿಸಿದಾಗ ಜ್ವಾಲೆ ಮೂಡದಿದ್ದರೆ ಅದರ ಒಳಗುಟ್ಟನ್ನು ಅರಿಯುವುದು ಹೇಗೆ? ಪ್ರೌಢಶಾಲೆಯ ಭೌತಶಾಸ್ತ್ರವೇ ಇದಕ್ಕೆ ಸಾಕೆಂಬುದನ್ನು ನೋಡೋಣ.

ಐಸ್‌ಲೆಂಡಿನ ಒಂದು ಬಿಸಿನೀರಿನ ಬುಗ್ಗೆಯ ಹೆಸರೇ ಈ ಯಂತ್ರಕ್ಕೂ ಬಂದಿದೆ. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾಘನ್ ಎಂಬವನು ತನ್ನ ಜಲತಾಪಕಕ್ಕೆ ಆ ಹೆಸರನ್ನಿಟ್ಟನು. ಇಂದಿನ ಗೀಸರಿನಲ್ಲಿ ಕೆಲಸಗಳು ಸರಪಳಿಯಂತೆ ನಡೆಯುತ್ತವೆ: ನೀರು ಹರಿಯಬೇಕು, ವಿದ್ಯುತ್ ಕಿಡಿ ಹಾರಬೇಕು, ಅನಿಲ ಬರಬೇಕು, ಜ್ವಾಲೆ ನಿಲ್ಲಬೇಕು. ಯಾವ ಕೊಂಡಿ ಕಳಚಿದೆ ಎಂಬುದನ್ನು ಕಿವಿಯೂ ಕಣ್ಣೂ ಹೇಳಬಲ್ಲವು.

ನಲ್ಲಿ ತಿರುಗಿಸಿದರೂ 'ಟಿಕ್ ಟಿಕ್' ಸದ್ದೇ ಕೇಳಿಸದಿದ್ದರೆ ಮೊದಲು ನೀರನ್ನು ಶಂಕಿಸಬೇಕು. ಗೀಸರಿನೊಳಗೆ ರಬ್ಬರಿನ ಪೊರೆಯೊಂದುಂಟು. ನೀರು ಕಿರಿದಾದ ದಾರಿಯಲ್ಲಿ ವೇಗವಾಗಿ ಹರಿಯುವಾಗ ಅಲ್ಲಿ ಒತ್ತಡ ತಗ್ಗುತ್ತದೆ. ಪೊರೆಯ ಎರಡು ಬದಿಗಳ ಒತ್ತಡ ಬೇರೆ ಬೇರೆಯಾಗಿ ಪೊರೆ ಬಾಗುತ್ತದೆ. ಅದಕ್ಕೆ ತಾಗಿದ ಕಡ್ಡಿ ಸರಿದು ಸಣ್ಣ ಸ್ವಿಚ್ಚನ್ನು ಒತ್ತುತ್ತದೆ. ಪೊರೆಯ ವ್ಯಾಸ 6 ಸೆಂ.ಮೀ. ಎಂದು ಭಾವಿಸೋಣ. ಅದರ ವಿಸ್ತೀರ್ಣ ಸುಮಾರು 28 ಚದರ ಸೆಂ.ಮೀ. ಒತ್ತಡದ ಅಂತರ ಚದರ ಸೆಂ.ಮೀ.ಗೆ ಕೇವಲ 100 ಗ್ರಾಂ ತೂಕದಷ್ಟಿದ್ದರೂ ಒಟ್ಟು ಬಲ 2.8 ಕಿಲೋಗ್ರಾಂ ತೂಕಕ್ಕೆ ಸಮ. ಆದರೆ ಈ ಅಂತರ ಹರಿವಿನ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಹರಿವು ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ, ಸ್ವಿಚ್ ಕದಲದು.

ಹರಿವು ಕುಂದಲು ನಮ್ಮ ಕಡೆ ಎರಡು ಕಾರಣಗಳು ಪ್ರಬಲ. ಮಹಡಿಯಿಲ್ಲದ ಮನೆಯ ಮಾಳಿಗೆಯ ಮೇಲೇ ಇಟ್ಟ ತೊಟ್ಟಿಯ ನೀರಿನ ಮಟ್ಟ ಗೀಸರಿಗಿಂತ 2.5 ಮೀಟರ್ ಮೇಲಿದ್ದರೆ ದೊರೆಯುವ ಒತ್ತಡ ಚದರ ಸೆಂ.ಮೀ.ಗೆ 250 ಗ್ರಾಂ ಮಾತ್ರ. ತೊಟ್ಟಿ ಬರಿದಾದಂತೆ ಅದೂ ಇಳಿಯುತ್ತದೆ. ಬೆಳಿಗ್ಗೆ ಮೊದಲು ಮಿಂದವರಿಗೆ ಬಿಸಿನೀರು, ಕಡೆಯವರಿಗೆ ತಣ್ಣೀರು ಎಂಬ ದೂರಿನ ಮರ್ಮವಿದು. ತೊಟ್ಟಿಯನ್ನು ಎತ್ತರಿಸುವುದೇ ಮದ್ದು. ಎರಡನೆಯದು ನೀರಿನ ಗುಣ. ಕೊಳವೆ ಬಾವಿಗಳ ನೀರು ಅನೇಕ ಕಡೆ ಗಡುಸು. ಕಾದಾಗ ಅದರಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಸುಣ್ಣದ ಪದರವಾಗಿ ತಾಮ್ರದ ಕೊಳವೆಯೊಳಗೆ ಕೂರುತ್ತದೆ. ಇತ್ತ ನೀರು ಒಳಬರುವ ಬಾಯಿಯ ಜಾಲರಿಯಲ್ಲಿ ಮರಳು, ತುಕ್ಕು ಸಿಕ್ಕಿಕೊಳ್ಳುತ್ತವೆ. ನೀರನ್ನೂ ಅನಿಲವನ್ನೂ ಬಂದ್ ಮಾಡಿ ಜಾಲರಿಯನ್ನು ಬಿಚ್ಚಿ, ನಿಂಬೆರಸದಲ್ಲಿ ನೆನೆಯಿಟ್ಟು ತೊಳೆದರೆ ಎಷ್ಟೋ ಗೀಸರುಗಳು ಮತ್ತೆ ಉರಿಯುತ್ತವೆ.

ಇನ್ನು ವಿದ್ಯುತ್ತು. ಸಾಮಾನ್ಯವಾಗಿ 1.5 ವೋಲ್ಟಿನ ಎರಡು ಒಣಕೋಶಗಳು, ಅಂದರೆ ಟಾರ್ಚಿನ ದಪ್ಪ ಸೆಲ್ಲುಗಳು, ಇದರ ಶಕ್ತಿಮೂಲ. ಹಳೆಯ ಸೆಲ್ಲು ಮೀಟರಿಗೆ ತಕ್ಕಮಟ್ಟಿನ ವೋಲ್ಟೇಜ್ ತೋರಿಸಿಯೂ ಕೆಲಸಕ್ಕೆ ಬಾರದಿರಬಹುದು. ಅದರ ಆಂತರಿಕ ರೋಧ ಬೆಳೆದಿದ್ದು, ಪ್ರವಾಹ ಹರಿದೊಡನೆ ವೋಲ್ಟೇಜ್ ಕುಸಿಯುತ್ತದೆ. ಆಗ ಕಿಡಿ ಹಾರೀತು. ಆದರೆ ಅನಿಲದ ಬಾಗಿಲನ್ನು ಎತ್ತುವ ವಿದ್ಯುತ್ಕಾಂತಕ್ಕೆ ಬಲ ಸಾಲದು. ಕಿಡಿಯ ಸದ್ದಿದ್ದು ಜ್ವಾಲೆ ಮೂಡದಿದ್ದರೆ ಎರಡೂ ಸೆಲ್ಲುಗಳನ್ನು ಒಟ್ಟಿಗೆ ಬದಲಿಸಿ ನೋಡಬೇಕು.

ಆದರೂ ಹೊತ್ತದಿದ್ದರೆ ಸಿಲಿಂಡರು ಬರಿದಾಗಿರಬಹುದು, ಇಲ್ಲವೆ ಹೊಸ ಸಿಲಿಂಡರು ಜೋಡಿಸಿದಾಗ ಕೊಳವೆಯಲ್ಲಿ ಗಾಳಿ ಉಳಿದಿರಬಹುದು. ಬೆಂಕಿಕಡ್ಡಿ ಗೀರಿ ಪರೀಕ್ಷಿಸಲೇಕೂಡದು. ಅಡುಗೆ ಅನಿಲ ವಾಯುವಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಯಾವ ವಿದ್ಯುತ್ ಸ್ವಿಚ್ಚನ್ನೂ ಮುಟ್ಟದೆ, ಸಿಲಿಂಡರನ್ನು ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಬಂದು 1906ಕ್ಕೆ ಕರೆ ಮಾಡಬೇಕು.

ಜ್ವಾಲೆ ಹೊತ್ತಿ ಕೆಲವೇ ಕ್ಷಣಗಳಲ್ಲಿ ಆರಿದರೆ ಕಾರಣ ಬೇರೆ. ಜ್ವಾಲೆಯಲ್ಲಿ ಅಯಾನುಗಳಿರುವುದರಿಂದ ಅದು ವಿದ್ಯುತ್ತನ್ನು ಸಾಗಿಸುತ್ತದೆ. ಬೆಂಕಿಯಲ್ಲಿ ಮುಳುಗಿದ ಲೋಹದ ಕಡ್ಡಿಯೊಂದು ಆ ಅತ್ಯಲ್ಪ ಪ್ರವಾಹದಿಂದಲೇ 'ಉರಿ ಇದೆ' ಎಂದು ತಿಳಿಯುತ್ತದೆ. ಕಡ್ಡಿಗೆ ಮಸಿ ಹಿಡಿದರೆ ಸುದ್ದಿ ಮುಟ್ಟದೆ ಅನಿಲ ನಿಂತುಹೋಗುತ್ತದೆ. ಇದನ್ನು ಶುಚಿಗೊಳಿಸುವುದು ನುರಿತ ಮೆಕ್ಯಾನಿಕರ ಕೆಲಸ.

ಬೇಸತ್ತ ಕೆಲವರು ಇಂತಹ ಕಾವಲುಗಳನ್ನು ತಪ್ಪಿಸಿ ತಂತಿ ಜೋಡಿಸಬಯಸುತ್ತಾರೆ. ಅದರ ಬೆಲೆಯನ್ನು ಲೆಕ್ಕಹಾಕೋಣ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಕಾಯಿಸಲು 150 ಕಿಲೋಕ್ಯಾಲೊರಿ ಬೇಕು. ನಷ್ಟವನ್ನೂ ಸೇರಿಸಿದರೆ ಸುಮಾರು 16 ಗ್ರಾಂ ಅನಿಲ ಉರಿಯಬೇಕು. ಅದಕ್ಕೆ ಸುಮಾರು 200 ಲೀಟರ್ ಗಾಳಿ ಬೇಕು. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಬಚ್ಚಲುಮನೆಯಲ್ಲಿರುವುದು 7,500 ಲೀಟರ್. ಕಿಟಕಿ ಮುಚ್ಚಿದ್ದರೆ ಹತ್ತು ನಿಮಿಷದಲ್ಲಿ ಅದರ ಕಾಲು ಭಾಗಕ್ಕೂ ಹೆಚ್ಚು ಗಾಳಿಯ ಆಮ್ಲಜನಕ ತೀರುತ್ತದೆ. ಆಮ್ಲಜನಕ ಕಡಿಮೆಯಾದಂತೆ ದಹನ ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಚಳಿಗೆ ಕಿಟಕಿ ಮುಚ್ಚಿ ಮೀಯಲು ಹೋದವರು ಜೀವಂತವಾಗಿ ಹೊರಬರದ ಪ್ರಕರಣಗಳು ನಮ್ಮ ದೇಶದಲ್ಲಿ ಅನೇಕ ನಡೆದಿವೆ.

ಆದುದರಿಂದ ಗೀಸರು ಬಚ್ಚಲುಮನೆಯ ಹೊರಗೆ, ಗಾಳಿಯಾಡುವೆಡೆ ಇರಬೇಕು. ಕೊಳವೆಯ ಮೂಲಕ ಬಿಸಿನೀರು ಮಾತ್ರ ಒಳಬರಬೇಕು. ನೀಲಿಯಾಗಿ ಉರಿಯಬೇಕಾದ ಜ್ವಾಲೆ ಹಳದಿಗೆ ತಿರುಗಿದರೆ ಕೂಡಲೇ ಆರಿಸಬೇಕು. ಹೊತ್ತದ ಗೀಸರಿನಿಂದ ಒಂದು ದಿನದ ಬಿಸಿನೀರು ತಪ್ಪೀತು, ಅಷ್ಟೆ. ಕಾವಲು ತಪ್ಪಿಸಿ ಹೊತ್ತಿಸಿದ ಗೀಸರು ಪ್ರಾಣಕ್ಕೇ ಎರವಾದೀತು.