ಕಡಲಿಗೆ ಕಲ್ಲು ಸುರಿದರೆ ಸಾಕೇ?

ಮಳೆಗಾಲ ಬಂತೆಂದರೆ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡಲತಡಿಯ ಮನೆಗಳಲ್ಲಿ ಆತಂಕ. ಅಲೆಗಳು ತೆಂಗಿನ ಬುಡದ ಮರಳನ್ನು ಕೆರೆದೊಯ್ಯುತ್ತವೆ. ಬೇರು ಬತ್ತಲಾಗಿ ಮರ ನೀರಿಗೆ ಉರುಳುತ್ತದೆ.

ಲಾರಿಗಟ್ಟಲೆ ಬಂಡೆ ಸುರಿಯುವುದು ಹಳೆಯ ಮದ್ದು. ಆದರೆ ಕಲ್ಲಿಗೆ ಬಡಿದ ಅಲೆ ಮರಳುವಾಗ ಅಡಿಯ ಮರಳನ್ನೂ ಎಳೆದೊಯ್ಯುತ್ತದೆ. ಬಂಡೆಗಳು ಕುಸಿಯುತ್ತವೆ, ಗೋಡೆ ಮುಗಿದಲ್ಲಿಂದ ಆಚೆಗೆ ಕೊರೆತ ಇನ್ನೂ ಜೋರಾಗುತ್ತದೆ. ಮರಳು ತೀರದುದ್ದಕ್ಕೂ ಸದಾ ಸಾಗುತ್ತಲೇ ಇರುತ್ತದೆ. ದೋಣಿಗಳ ಅನುಕೂಲಕ್ಕೆ ಅಳಿವೆಬಾಗಿಲಲ್ಲಿ ಕಟ್ಟಿದ ಬ್ರೇಕ್‌ವಾಟರ್ ಅದನ್ನು ತಡೆದರೆ ಒಂದು ಬದಿ ತುಂಬಿಕೊಳ್ಳುತ್ತದೆ, ಮತ್ತೊಂದು ಬದಿ ಬರಿದಾಗುತ್ತದೆ.

ಇದನ್ನರಿತೇ ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2010ರಲ್ಲಿ ಒಪ್ಪಿದ ಸಾಲದ ಯೋಜನೆಯಲ್ಲಿ ಉಳ್ಳಾಲದ ಕಡಲೊಳಗೆ ದಿಬ್ಬಗಳನ್ನು ನಿರ್ಮಿಸಲಾಯಿತು. ಅಲೆ ದಡ ಮುಟ್ಟುವ ಮೊದಲೇ ಅಲ್ಲಿ ಮುರಿದು ಕಸುವು ಕಳೆದುಕೊಳ್ಳಬೇಕೆಂಬುದು ಲೆಕ್ಕಾಚಾರ. ಸೌಪರ್ಣಿಕಾ ನದಿಗೂ ಕಡಲಿಗೂ ನಡುವೆ ಹೆದ್ದಾರಿ ಹಾದುಹೋಗುವ ಮರವಂತೆಯಲ್ಲಿ, ಮರಳು ಹಿಡಿದಿಡಲು ದಡದಿಂದ ಕಡಲಿಗೆ ಚಾಚಿದ ಕಲ್ಲಿನ ದಂಡೆಗಳು ಬಂದವು.

ಎಂಜಿನಿಯರಿಂಗ್ ಅರ್ಧ ಕೆಲಸವಷ್ಟೇ. 1901ರಿಂದ 2018ರೊಳಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ, ಏರಿಕೆಯ ವೇಗವೂ ಹೆಚ್ಚುತ್ತಿದೆ. ಹೀಗಿರುವಾಗ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಜನದಟ್ಟಣೆಯ ಗ್ರಾಮೀಣ ತೀರಗಳಲ್ಲಿ ಕಟ್ಟಡ ನಿಷೇಧದ ಅಂತರವನ್ನು 200 ಮೀಟರ್‌ನಿಂದ 50 ಮೀಟರ್‌ಗೆ ಇಳಿಸಿದ್ದು ಕಳವಳದ ಸಂಗತಿ. ಮೀನುಗಾರರಿಗೆ ದಡದಲ್ಲೇ ಮನೆ ಬೇಕು, ನಿಜ. ರೆಸಾರ್ಟ್‌ಗಳಿಗೆ ಆ ಅನಿವಾರ್ಯತೆ ಇಲ್ಲ; ಪರವಾನಗಿ ಕೊಡುವಾಗ ಈ ಎರಡನ್ನೂ ಬೇರೆಬೇರೆಯಾಗಿಯೇ ತೂಗಬೇಕು.